ಇಪ್ಪತ್ತನಾಲ್ಕು ಬಾಗಿಲುಗಳು

ನಮ್ಮ ಊರಿನ ಬಾಗಿಲುಗಳಿಗೆ ಕೀಲಿ ಇಲ್ಲ. ಮನೆಯವರ ಮುಖ ಕಂಡರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬೇರೆಯವರು ಬಂದರೆ ಒಳಗಿದ್ದವರು ಎದ್ದು ಬಂದು ತೆಗೆಯಬೇಕು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಹೊಸ್ತಿಲ ಆಚೆ ನಿಂತು ಬಾಗಿಲಿಗೆ ತೋರಿಸುತ್ತಾರೆ. ಹೊಸ ಸೊಸೆ ಮೂರು ದಿನ ಕಟ್ಟೆಯ ಮೇಲೆ ಕೂತು, ಅಲ್ಲೇ ಉಂಡು, ಬಾಗಿಲಿಗೆ ಮುಖ ಪರಿಚಯ ಮಾಡಿಕೊಳ್ಳುತ್ತಾಳೆ. ಓಣಿಯ ಹೆಂಗಸರೆಲ್ಲ ಅಲ್ಲೇ ಸೇರುವುದರಿಂದ ಆ ಮೂರು ದಿನ ಅವಳಿಗೆ ಬೇಸರವಾಗುವುದಿಲ್ಲ. ಆದರೆ ಒಬ್ಬರನ್ನು ಬಾಗಿಲು ಹೀಗೆ ಪರಿಚಯ ಮಾಡಿಕೊಳ್ಳುವುದು ಒಂದೇ ಸಲ. ಕಲ್ಲು ಅಡ್ಡ ಇಟ್ಟು ತೆರೆದೇ ಇಡೋಣವೆಂದರೆ ಬಾಗಿಲು ಮುನಿಸಿಕೊಂಡು ಎಂಟು ದಿನ ಮನೆಯವರನ್ನೂ ಹೊರಗೆ ನಿಲ್ಲಿಸುತ್ತದೆ. ಒಡೆದರೆ ಆ ಚೌಕಟ್ಟಿಗೆ ಮತ್ತೆ ಯಾವ ಬಾಗಿಲೂ ಕೂರುವುದಿಲ್ಲ.

ನಾನು ಕಸ್ತೂರಿ. ಬ್ಲೌಸ್ ಹೊಲಿಯುತ್ತೇನೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಅಕ್ಕ ಅಂಬವ್ವನ ಮನೆಗೆ ಬಂದೆ. ಅಕ್ಕ ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಪಡಸಾಲೆಯಲ್ಲಿ ನನ್ನ ಹೊಲಿಗೆ ಮಷಿನ್ನು, ಒಳಕೋಣೆಯಲ್ಲಿ ಅಕ್ಕನ ಪುಸ್ತಕಗಳು. ಹೀಗೆ ಹದಿನಾರು ವರ್ಷ ನೆಮ್ಮದಿಯಾಗಿ ಕಳೆದೆವು.

ನನಗೆ ನಲವತ್ತೆರಡು ತುಂಬಿದ ವರ್ಷ ಬಲಗಿವಿಯ ಮುಂದೆ ಶೇಂಗಾ ಬೀಜದಷ್ಟು ಗಂಟು ಕಾಣಿಸಿತು. ನೋವಿರಲಿಲ್ಲ, ಹಾಗಾಗಿ ಬಿಟ್ಟೆ. ಅದು ಬೋರೆಹಣ್ಣಿನಷ್ಟಾದಾಗ ಅಕ್ಕ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಡಾಕ್ಟರ್ ಮಹಾನಂದಾ ಇದ್ದರು. ಸುಟ್ಟ ಮೈಗೆ ಚರ್ಮ ಕೂರಿಸುವುದು, ಗಡ್ಡೆ ತೆಗೆದ ಜಾಗವನ್ನು ಮತ್ತೆ ಕಟ್ಟುವುದು ಅವರ ಕೆಲಸ. ಗಿಡ್ಡ ಹೆಂಗಸು. ಮಾತಾಡುವಾಗ ಎದುರಿದ್ದವರ ಮುಖಕ್ಕಿಂತ ತಮ್ಮ ಕೈಗಳನ್ನೇ ಹೆಚ್ಚು ನೋಡಿಕೊಳ್ಳುತ್ತಿದ್ದರು.

"ಗಡ್ಡಿ ಜೊಲ್ಲಿನ ಗ್ರಂಥಿಯೊಳಗ ಐತಿ. ಮುಖ ಅಲುಗಿಸೋ ನರ ಅದರ ನಡುವ ಹಾದು ಹೋಗೇತಿ. ಉಳಸಾಕ ನೋಡ್ತೀನಿ," ಅಂದರು. "ನರ ಉಳೀಲಿಲ್ಲಂದ್ರ ನಿಮ್ಮನ್ನ ಉಳಸ್ತೀನಿ."

ನರ ಉಳಿಯಲಿಲ್ಲ. ಎಚ್ಚರವಾದಾಗ ನನ್ನ ಮುಖದ ಬಲಭಾಗ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ನೀರು ಕುಡಿದರೆ ಬಾಯಿಯ ಮೂಲೆಯಿಂದ ಸೋರುತ್ತಿತ್ತು. ಗಡ್ಡೆ ಮಾತ್ರ ಬುಡಸಮೇತ ಹೋಗಿದೆ ಎಂದು ಡಾಕ್ಟರ್ ಹೇಳಿದಾಗ ನಾನು ಕೈ ಮುಗಿದೆ. ಬದುಕಿದೆನಲ್ಲ ಎಂಬುದೇ ದೊಡ್ಡದಾಗಿತ್ತು.

ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಅಕ್ಕನ ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು, ನಾನೊಬ್ಬಳೇ ಬಂದೆ. ಬಾಗಿಲ ಮುಂದೆ ನಿಂತೆ. ಅದು ಅಲುಗಲಿಲ್ಲ. ಬ್ಯಾಂಡೇಜಿನಿಂದ ಇರಬೇಕೆಂದು ಅದನ್ನು ಸ್ವಲ್ಪ ಸರಿಸಿದೆ. ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು ಮತ್ತೆ ನಿಂತೆ. ಕಡೆಗೆ ಬೆರಳಿನಿಂದ ಬಾಯಿಯ ಮೂಲೆಯನ್ನು ಮೇಲೆತ್ತಿ ಹಿಡಿದು ನಿಂತೆ. ಎದುರು ಮನೆಯ ನೀಲವ್ವ ಇದನ್ನು ನೋಡಿ ಒಂದು ಲೋಟ ಚಹಾ ತಂದುಕೊಟ್ಟಳು. ಅರ್ಧ ಕುಡಿದೆ, ಅರ್ಧ ಸೆರಗಿಗೆ ಸೋರಿತು. ಐದೂವರೆಗೆ ಅಕ್ಕ ಬಂದಳು. ಅವಳನ್ನು ಕಂಡು ಬಾಗಿಲು ತೆರೆಯಿತು. ನಾನು ಅತಿಥಿಯ ಹಾಗೆ ಅವಳ ಹಿಂದೆ ಒಳಗೆ ಹೋದೆ.

ಅಂದಿನಿಂದ ನನ್ನ ದಿನ ಅಕ್ಕನ ದಿನಕ್ಕೆ ಕಟ್ಟಿಬಿದ್ದಿತು. ನೂಲು ತರಲು, ಹೊಲಿದ ಬಟ್ಟೆ ಕೊಡಲು ಹೊರಗೆ ಹೋದರೆ ಅವಳು ಬರುವವರೆಗೆ ಕಟ್ಟೆಯೇ ಗತಿ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಊಟ ಬಿಟ್ಟು ಓಡಿ ಬಂದು ನನ್ನನ್ನು ಒಳಗೆ ಬಿಟ್ಟು ಓಡುತ್ತಿದ್ದಳು. ಮರುವರ್ಷ ಅವಳಿಗೆ ಬೇರೆ ಊರಿನಲ್ಲಿ ಹೆಡ್‌ಮೇಡಮ್ ಆಗಿ ಬಡ್ತಿ ಬಂತು. ಹತ್ತೊಂಬತ್ತು ವರ್ಷ ಅವಳು ಕಾದಿದ್ದ ಕಾಗದ ಅದು. ನನಗೆ ಹೇಳದೆ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದಳು. ರೊಟ್ಟಿಗೆ ಹಿಟ್ಟು ತೆಗೆಯುವಾಗ ಸಿಕ್ಕಿತು.

"ಯಾಕ ಹೋಗಲಿಲ್ಲ?" ಎಂದು ಕೇಳಿದೆ.

"ಆ ಊರಿನ ನೀರು ನನಗ ಒಗ್ಗೂದಿಲ್ಲ," ಅಂದಳು.

"ಆ ಊರಿಗೆ ನೀ ಒಮ್ಮೆನೂ ಹೋಗಿಲ್ಲ."

"ಹೋಗಲಿಲ್ಲಂತನ ಹೇಳಾಕತ್ತೀನಿ. ರೊಟ್ಟಿ ಮಾಡು."

ಆ ಕಾಲಕ್ಕೆ ಡಾಕ್ಟರ್ ಮಹಾನಂದಾ ಒಂದು ಅಧ್ಯಯನ ಶುರುಮಾಡಿದರು. ಸುಟ್ಟಗಾಯದಿಂದಲೋ ಗಡ್ಡೆಯಿಂದಲೋ ಮುಖ ಬದಲಾಗಿ, ಸ್ವಂತ ಬಾಗಿಲಿನ ಹೊರಗುಳಿದವರು ನಮ್ಮ ಊರಿನಲ್ಲಿ ಇಪ್ಪತ್ತಾರು ಮಂದಿ. ಎಲ್ಲರ ಹಳೆಯ ಫೋಟೊ ತರಿಸಿಕೊಂಡು, ಅದಕ್ಕೆ ಸರಿಯಾಗಿ ಮುಖದ ಆಕಾರ ಕಟ್ಟುವುದು ಅವರ ಯೋಚನೆ. ಹೊಟ್ಟೆಯ ಕೊಬ್ಬನ್ನು ಕೆನ್ನೆಗೆ ತುಂಬಿದರು, ಕಿವಿಯ ಮೃದು ಎಲುಬಿನಿಂದ ಮೂಗು ಮಾಡಿದರು. ನನ್ನ ತೊಡೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯ ಪಟ್ಟಿಯೊಂದನ್ನು ತೆಗೆದು ಜೋತುಬಿದ್ದ ಬಾಯಿಯನ್ನು ಒಳಗಿನಿಂದ ಎತ್ತಿ ಕಟ್ಟಿದರು. ಕನ್ನಡಿಯಲ್ಲಿ ಸುಮ್ಮನೆ ನೋಡಿದರೆ ಹಳೆಯ ಕಸ್ತೂರಿಯೇ ಇದ್ದಳು. ಆ ದಿನ ಮನೆಗೆ ಓಡುತ್ತಲೇ ಹೋದೆ. ಬಾಗಿಲು ಅಲುಗಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಲಾಡಸಾಬ ಚಾಚಾನ ಪರಿಚಯವಾದದ್ದು ಆಗಲೇ. ಸುಣ್ಣದ ಭಟ್ಟಿ ಸಿಡಿದು ಅವರ ಮುಖ, ಕುತ್ತಿಗೆ ಬೆಂದು ಹನ್ನೊಂದು ವರ್ಷವಾಗಿತ್ತು. ಗಾಯ ಒಣಗುತ್ತ ಚರ್ಮ ಬಿಗಿದುಕೊಂಡು, ಗದ್ದ ಎದೆಯ ಕಡೆ ಎಳೆದುಕೊಂಡಿತ್ತು. ಹೆಂಡತಿ ಅದರ ಹಿಂದಿನ ವರ್ಷವೇ ತೀರಿಹೋಗಿದ್ದಳು, ಮಕ್ಕಳಿಲ್ಲ. ಆ ಬಾಗಿಲಿಗೆ ಗುರುತಿದ್ದ ಬೇರೆ ಮುಖವೇ ಇರಲಿಲ್ಲ. ಹನ್ನೊಂದು ವರ್ಷದಿಂದ ಅವರು ಸ್ವಂತ ಮನೆಯ ಕಟ್ಟೆಯ ಮೇಲೆ ತಗಡು ಕಟ್ಟಿಕೊಂಡು ಬಾಳುತ್ತಿದ್ದರು.

ಒಂದು ವರ್ಷದ ಕೊನೆಗೆ ಡಾಕ್ಟರ್ ನಮ್ಮೆಲ್ಲರನ್ನೂ ಕೂರಿಸಿ ಲೆಕ್ಕ ಓದಿದರು. ಇಪ್ಪತ್ತಾರರಲ್ಲಿ ಬಾಗಿಲು ತೆರೆದದ್ದು ಮೂವರಿಗೆ. "ಎಲ್ಲಿ ತಪ್ಪಿದೆ ಅಂತ ನನಗ ಗೊತ್ತಾಗವಲ್ದು," ಅಂದು ಕುರ್ಚಿಯಲ್ಲಿ ಕೂತುಬಿಟ್ಟರು. ದೊಡ್ಡ ಡಾಕ್ಟರೊಬ್ಬರು ಇಷ್ಟು ಜನರ ಮುಂದೆ ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಅದಾದ ಮುಂದಿನ ವಾರ ಅಕ್ಕನ ದವಡೆಹಲ್ಲು ಕೀಳಿಸಬೇಕಾಯಿತು. ಹಲ್ಲು ಕೀಳಿಸಿಕೊಂಡವರು ಎರಡು ತಾಸು ದವಾಖಾನೆಯ ಬೆಂಚಿನ ಮೇಲೆ ಕೂತೇ ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಔಷಧದ ವಾಸನೆ ಬಾಗಿಲಿಗೆ ಆಗುವುದಿಲ್ಲ ಎನ್ನುತ್ತಾರೆ. ಅಕ್ಕನಿಗೆ ಶಾಲೆಯ ಕೆಲಸವಿತ್ತು, ಕಾಯದೆ ನನ್ನನ್ನು ಕರೆದುಕೊಂಡು ಮನೆಗೆ ಹೊರಟಳು. ಬಾಗಿಲು ಅವಳಿಗೂ ತೆರೆಯಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ನೀಲವ್ವ ಚಹಾ ತಂದಳು. ಹಲ್ಲು ಕೀಳಲು ಚುಚ್ಚಿದ ಔಷಧದಿಂದ ಅಕ್ಕನ ತುಟಿಗೆ ಜೋಮು ಹಿಡಿದಿತ್ತು. ಚಹಾ ಅವಳ ಬಾಯಿಯ ಮೂಲೆಯಿಂದಲೂ ಸೋರಿತು.

"ಈಗ ನೋಡು, ನಾವಿಬ್ರೂ ಒಂದ," ಎಂದು ಅವಳು ಓರೆಯಾಗಿ ನಕ್ಕಳು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಊತವಿಲ್ಲ, ಗಾಯವಿಲ್ಲ. ಆಕಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅರ್ಧ ಮಾತ್ರ ಅಲುಗುತ್ತಿರಲಿಲ್ಲ. ಅಷ್ಟರಲ್ಲಿ ನೀಲವ್ವನ ಗಂಡ ಕ್ಷೌರದಂಗಡಿಯಿಂದ ಬಂದ. ಇಪ್ಪತ್ತು ವರ್ಷದ ಮೀಸೆಯನ್ನು ತೆಗೆಸಿಬಿಟ್ಟಿದ್ದ. ನಮಗೇ ತಟ್ಟನೆ ಗುರುತು ಸಿಗಲಿಲ್ಲ. ಅವನು ಮುಜುಗರದಿಂದ ನಗುತ್ತ ಹೋಗಿ ನಿಂತ, ಅವನ ಬಾಗಿಲು ಎಂದಿನಂತೆ ತೆರೆಯಿತು. ತಾಸಿನ ಮೇಲೆ ಅಕ್ಕನ ಜೋಮು ಇಳಿಯಿತು, ನಮ್ಮ ಬಾಗಿಲೂ ತೆರೆಯಿತು. ನಾನು ಒಳಗೆ ಹೋಗಲಿಲ್ಲ. ನೇರ ಆಸ್ಪತ್ರೆಗೆ ನಡೆದೆ.

"ಮೇಡಮ್, ನೀವು ನಮ್ಮ ಅಳತಿ ಸುಮ್ನ ಕೂಡಿಸಿ ತಗೊಂಡ್ರಿ," ಅಂದೆ. "ಬ್ಲೌಸ್ ಹೊಲಿಯೋವಾಗ ನಾವು ಹಂಗ ಮಾಡೂದಿಲ್ರಿ. ಕೈ ಎತ್ರಿ, ಬಗ್ರಿ ಅಂತೀವಿ. ನಿಂತಾಗ ಸರಿ ಕೂತದ್ದು ಕೈ ಎತ್ತಿದ್ರ ಹರೀತೈತಿ. ಬಾಗಲಾ ನೋಡೂದು ಆಕಾರ ಅಲ್ಲ ಅನಸ್ತೈತಿ. ಮುಖ ಹೆಂಗ ಅಲುಗತೈತಿ ಅನ್ನೂದನ್ನ ನೋಡ್ತೈತಿ."

ಹಲ್ಲಿನ ಕತೆ, ಮೀಸೆಯ ಕತೆ ಎರಡನ್ನೂ ಹೇಳಿದೆ. ಡಾಕ್ಟರ್ ಬಹಳ ಹೊತ್ತು ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಎದ್ದು, ಬಾಗಿಲು ತೆರೆದ ಆ ಮೂವರ ಫೈಲು ತೆಗೆದರು. ಆಕಾರದ ಅಂಕಗಳಲ್ಲಿ ಮೂವರೂ ನನಗಿಂತ ಹಿಂದೆ. ಒಬ್ಬಳ ಮೂಗಂತೂ ಸೊಟ್ಟ. ಮರುದಿನ ಆ ಮೂವರನ್ನೂ, ಅದರ ಮರುದಿನ ಉಳಿದವರನ್ನೂ ಕರೆಸಿದರು. ಬಾಯಿಯ ಮೂಲೆಗೆ, ಹುಬ್ಬಿಗೆ ಚುಕ್ಕೆ ಇಟ್ಟು, ನಗಿಸಿ, ಹುಬ್ಬೇರಿಸಿ, ಚುಕ್ಕೆ ಎಷ್ಟು ಸರಿಯುತ್ತದೆಂದು ಅಳೆದೆವು. ಅಳೆದವಳು ನಾನೇ. ನನ್ನ ಟೇಪು ಇಂಥ ಸಣ್ಣ ಅಳತೆಗೆ ಬಾರದೆಂದು ಡಾಕ್ಟರ್ ಉಕ್ಕಿನ ಪಟ್ಟಿ ಕೊಟ್ಟರು. ಮೂವರದೂ ಎಂಟು ಮಿಲಿಮೀಟರಿಗಿಂತ ಹೆಚ್ಚು. ಉಳಿದವರಲ್ಲಿ ಮೂರನ್ನು ದಾಟಿದವರಿಲ್ಲ. ನನ್ನದು ಸೊನ್ನೆ.

ಡಾಕ್ಟರ್ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಒಂದು ವರ್ಷ ಪೂರ್ತಿ ನಾ ಮೂಗು ಮಾಡ್ಕೋತ ಕೂತಿದ್ದೆ," ಎಂದು ನಗತೊಡಗಿದರು. ಅವರ ನಗು ನಮಗೂ ಹತ್ತಿಕೊಂಡಿತು.

ಎರಡನೆಯ ಅಧ್ಯಯನಕ್ಕೆ ರಾಜಧಾನಿಯ ಸಮಿತಿಯ ಒಪ್ಪಿಗೆ ಬೇಕಿತ್ತು. ಅಲ್ಲಿಂದ ಬಂದ ಎತ್ತರದ ಸಾಹೇಬರಿಗೆ ಫಲಿತಾಂಶವನ್ನು ಬಾಗಿಲಿನಿಂದ ಅಳೆಯುವುದು ಸರಿಬರಲಿಲ್ಲ. ಅಳೆಯುವವರಿಗೆ ಯಾರಿಗೆ ಚಿಕಿತ್ಸೆಯಾಗಿದೆ ಎಂದು ತಿಳಿದಿದ್ದರೆ ಮನಸ್ಸು ವಾಲುತ್ತದೆ ಎಂಬುದು ಅವರ ಆಕ್ಷೇಪ.

"ಬಾಗಲಾ ಫೈಲು ಓದೂದಿಲ್ರಿ," ಅಂದರು ಡಾಕ್ಟರ್ ಮಹಾನಂದಾ. ಸಾಹೇಬರು ಸಹಿ ಹಾಕಿದರು.

ಉಳಿದಿದ್ದ ಇಪ್ಪತ್ತಮೂವರ ಜೊತೆ ಹೊಸಬಳೊಬ್ಬಳು ಸೇರಿ ಇಪ್ಪತ್ತನಾಲ್ಕು ಮಂದಿಯಾದೆವು. ಹನ್ನೆರಡು ಜನಕ್ಕೆ ಈಗಲೇ ಚಿಕಿತ್ಸೆ, ಹನ್ನೆರಡು ಜನಕ್ಕೆ ಆರು ತಿಂಗಳ ನಂತರ. ಯಾರು ಯಾವ ಗುಂಪು ಎಂಬುದು ಅಂಟಿಸಿದ ಲಕೋಟೆಯಲ್ಲಿ. ಎಲ್ಲರಿಗೂ ಒಟ್ಟಿಗೆ ಯಾಕೆ ಮಾಡುವುದಿಲ್ಲ ಎಂದು ಯಾರೋ ಕೇಳಿದರು.

"ಹಂಗ ಮಾಡಿ ಬಾಗಲಾ ತೆರೀತು ಅಂತ ತಿಳಕೋರಿ. ದಿನ ಕಳದದ್ದಕ್ಕ ತೆರೀತೋ, ನಾವು ಮಾಡಿದ್ದಕ್ಕ ತೆರೀತೋ, ಹೆಂಗ ಹೇಳೂದು?" ಅಂದರು ಡಾಕ್ಟರ್. "ಬ್ಯಾರೆ ಊರಾಗೂ ನಿಮ್ಮಂಥವರು ಅದಾರ. ಅವರ ಡಾಕ್ಟರು ನಮ್ಮ ಮಾತು ನಂಬಬೇಕಲ್ಲ."

ಲಾಡಸಾಬ ಚಾಚಾನ ಲಕೋಟೆಯಲ್ಲಿ "ಈಗ" ಎಂದಿತ್ತು. ನನ್ನದರಲ್ಲಿ "ನಂತರ". ಅದೇ ವಾರ ಅಕ್ಕನಿಗೆ ಮತ್ತೆ ಬಡ್ತಿಯ ಕಾಗದ ಬಂದಿತ್ತು. ವರ್ಷದೊಳಗೆ ಸೇರದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಬರೆದಿತ್ತು. ನರ ಜೋಡಿಸಿದರೂ ಸ್ನಾಯು ಎಚ್ಚರಗೊಳ್ಳಲು ತಿಂಗಳುಗಳು ಬೇಕು. ನಾನು ಬೆರಳು ಮಡಚಿ ಎಣಿಸಿದೆ. ತೀರಾ ಅಂಚಿಗೆ ಬರುತ್ತಿತ್ತು.

ಚಾಚಾ ನನ್ನ ಪಕ್ಕಕ್ಕೆ ಬಂದು ಕೂತರು. ತಮ್ಮ ಲಕೋಟೆಯನ್ನು ನನ್ನ ಮಡಿಲಿಗೆ ಹಾಕಿದರು. "ಇದನ್ನ ನೀ ತಗೋ ಬೇಟಿ, ನಿಂದು ನನಗ ಕೊಡು. ಹನ್ನೊಂದು ವರ್ಷ ಕುಂತೀನಿ, ಇನ್ನಾರು ತಿಂಗಳು ನನಗೇನ ಭಾರ? ಇನ್ನೂ ಯಾರೂ ಬರಕೊಂಡಿಲ್ಲ."

ನಿಜ, ಹೆಸರುಗಳನ್ನು ಇನ್ನೂ ಬರೆದುಕೊಂಡಿರಲಿಲ್ಲ. ಲಕೋಟೆ ಹಂಚಿದ ಸಿಸ್ಟರ್ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಆ ಕಾಗದ ಮಡಿಲಲ್ಲಿ ಎಷ್ಟು ಹಗುರಾಗಿತ್ತು ಎಂಬುದು ನನಗೆ ಈಗಲೂ ನೆನಪಿದೆ. ತೆಗೆದುಕೊಳ್ಳಬೇಕೆಂದು ಮನಸ್ಸು ಹಾತೊರೆಯಿತು. ಅಕ್ಕ ಬಿಸಿಲಲ್ಲಿ ಓಡಿ ಬರುವುದು, ಊಟ ಬಿಟ್ಟು ತಿರುಗಿ ಓಡುವುದು ಕಣ್ಣಿಗೆ ಕಟ್ಟಿತು. ಲಕೋಟೆಯನ್ನು ಎತ್ತಿ ಅವರ ಕೈಗಿಟ್ಟೆ.

"ಬ್ಯಾಡ ಚಾಚಾ. ಇವತ್ತ ನಾವಿಬ್ರೂ ಅದಲು ಬದಲು ಮಾಡಿದ್ರ, ನಾಳೆ ಇದು ಖರೇ ಅಂತ ಹೇಳಾಕ ನಮಗ ಬಾಯಿ ಇರೂದಿಲ್ಲ. ನೀವು ಹೋಗ್ರಿ."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಎದ್ದು ಹೋದರು. ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಚಾಚಾನ ಕುತ್ತಿಗೆ, ಕೆನ್ನೆಯ ಗಟ್ಟಿ ಕಲೆಗಳನ್ನು ಕೊಯ್ದು ಬಿಡಿಸಿ, ತೊಡೆಯ ಚರ್ಮವನ್ನು ತಂದು ಕೂರಿಸಿದರು. ಐದನೆಯ ದಿನ ಪಟ್ಟಿ ಬಿಚ್ಚಿದಾಗ ಚರ್ಮ ಹಿಡಿದಿತ್ತು, ಕೆಂಪಗೆ ಜೀವಂತವಾಗಿತ್ತು. ಅದು ಮತ್ತೆ ಬಿಗಿಯದಂತೆ ದಿನಕ್ಕೆ ನಾಲ್ಕು ಸಲ ಎಣ್ಣೆ ಹಚ್ಚಿ ತಿಕ್ಕಬೇಕು, ಕನ್ನಡಿ ಹಿಡಿದು ಹುಬ್ಬು ಕುಣಿಸಬೇಕು, ಗಲ್ಲ ಉಬ್ಬಿಸಬೇಕು, ಹಲ್ಲು ಕಿರಿಯಬೇಕು. ಕಟ್ಟೆಯ ಮೇಲೆ ಕೂತು ಅವರು ಹೀಗೆ ಮುಖ ಮಾಡುವುದನ್ನು ನೋಡಿ ಓಣಿಯ ಮಕ್ಕಳೂ ಎದುರಿಗೆ ಕೂತು ಹಾಗೆಯೇ ಮಾಡತೊಡಗಿದವು. ಅವುಗಳನ್ನು ನೋಡಿ ಚಾಚಾ ಇನ್ನಷ್ಟು ನಗುತ್ತಿದ್ದರು. ಅದೇ ಅವರಿಗೆ ಒಳ್ಳೆಯ ವ್ಯಾಯಾಮವಾಯಿತು.

ಐದನೆಯ ತಿಂಗಳು ಒಂದು ಬೆಳಿಗ್ಗೆ ನಾನು ಉಕ್ಕಿನ ಪಟ್ಟಿ ಹಿಡಿದು ಅಳತೆಗೆಂದು ಚಾಚಾನ ಕಟ್ಟೆಗೆ ಹೋಗಿದ್ದೆ. ಯಾವುದೋ ಹುಡುಗಿ ಕೆನ್ನೆ ಉಬ್ಬಿಸಲು ಹೋಗಿ ಬಾಯಲ್ಲಿದ್ದ ಮಂಡಕ್ಕಿಯನ್ನೆಲ್ಲ ಉಗುಳಿದಳು. ಚಾಚಾ ಗೊಳ್ಳೆಂದು ನಕ್ಕು, ಕಣ್ಣೊರೆಸಿಕೊಳ್ಳುತ್ತ ಎದ್ದು ತಿರುಗಿದರು. ಬಾಗಿಲು ಕಿರ್ರೆಂದಿತು. ಹನ್ನೆರಡು ವರ್ಷದ ಧೂಳು ಮೇಲಿನಿಂದ ಸುರಿಯಿತು. ಎರಡೂ ಕದ ಹಿಂದಕ್ಕೆ ಸರಿದವು.

ಚಾಚಾ ಚೌಕಟ್ಟಿಗೆ ಕೈ ಆನಿಸಿ ನಿಂತರು. ಓಣಿಯವರೆಲ್ಲ ಬಂದು ಸೇರಿದರು. ಆಮೇಲೆ ಅವರು ನಮ್ಮತ್ತ ತಿರುಗಿ, ಚಪ್ಪಲಿ ಬಿಡುತ್ತ, "ಬರ‍್ರಿ, ಎಲ್ಲಾರೂ ಬರ‍್ರಿ," ಅಂದರು. "ಒಳಗ ಹೆಂಗೈತೋ ನನಗೂ ಗೊತ್ತಿಲ್ಲ."

ಒಳಗೆ ಗೂಟಕ್ಕೆ ಅವರ ಹೆಂಡತಿಯ ಹಸಿರು ಓಢಣಿ ತೂಗುತ್ತಿತ್ತು. ಅವರು ಅದನ್ನು ತೆಗೆದು, ಹೊರಗೆ ತಂದು ಕೊಡವಿ, ಬಿಸಿಲಿಗೆ ಹರವಿದರು.

ಆರು ತಿಂಗಳಿಗೆ ಎತ್ತರದ ಸಾಹೇಬರು ತಾವೇ ಬಂದು ಇಪ್ಪತ್ತನಾಲ್ಕು ಬಾಗಿಲುಗಳ ಮುಂದೆ ನಿಂತು ನೋಡಿದರು. "ಈಗ" ಗುಂಪಿನ ಹನ್ನೆರಡರಲ್ಲಿ ಒಂಬತ್ತು ತೆರೆದವು. "ನಂತರ" ಗುಂಪಿನಲ್ಲಿ ಒಂದೂ ಇಲ್ಲ. ಸಂಜೆ ಅವರು ಡಾಕ್ಟರ್ ಮಹಾನಂದಾರ ಕೈ ಹಿಡಿದು, ನಮ್ಮ ಅಳತೆಯ ವಿಧಾನವನ್ನು ಉಳಿದ ಆಸ್ಪತ್ರೆಗಳಿಗೂ ಕಳಿಸುತ್ತೇನೆ ಎಂದರು. ಅದರಲ್ಲಿ ಅಳೆದವರ ಹೆಸರು ಎಂಬಲ್ಲಿ ಡಾಕ್ಟರ್ ನನ್ನ ಹೆಸರನ್ನು ಬರೆಸಿದರು.

ಮರುವಾರವೇ ನನ್ನ ಸರದಿ ಬಂತು. ತೊಡೆಯ ಒಳಭಾಗದ ಸಣ್ಣ ಸ್ನಾಯುವೊಂದನ್ನು ರಕ್ತನಾಳದ ಸಮೇತ ತೆಗೆದು ಕೆನ್ನೆಯಲ್ಲಿ ಕೂರಿಸಿ, ಅದನ್ನು ಅಗಿಯುವ ನರಕ್ಕೆ ಜೋಡಿಸಿದರು. ಒಂಬತ್ತು ತಾಸು ಹಿಡಿಯಿತಂತೆ. ಹಲ್ಲು ಕಚ್ಚಿದರೆ ಬಾಯಿಯ ಮೂಲೆ ಮೇಲೇಳಬೇಕು, ಹಾಗೆ ಕಚ್ಚಿ ಕಚ್ಚಿ ನಗುವುದನ್ನು ಕಲಿಯಬೇಕು ಎಂದು ಡಾಕ್ಟರ್ ಹೇಳಿಕೊಟ್ಟರು. ಒಂದು ತಿಂಗಳು ಕಳೆಯಿತು, ಎರಡು, ಮೂರು. ಕನ್ನಡಿಯ ಮುಂದೆ ಕೂತು ದವಡೆ ನೋಯುವಷ್ಟು ಕಚ್ಚಿದರೂ ಪಟ್ಟಿ ಸೊನ್ನೆಯನ್ನೇ ತೋರಿಸುತ್ತಿತ್ತು. ನಾಲ್ಕನೆಯ ತಿಂಗಳು ಡಾಕ್ಟರ್ ಕೆನ್ನೆಯನ್ನು ಒತ್ತಿ ನೋಡಿ, "ಇನ್ನೊಂದೀಟು ನೋಡೋಣ," ಅಂದಾಗ ಅವರ ದನಿ ಸಣ್ಣದಾಗಿತ್ತು. ಅಕ್ಕನಿಗೆ ಉಳಿದದ್ದು ಎರಡೂವರೆ ತಿಂಗಳು.

ಎಂಟು ದಿನವಾದ ಮೇಲೆ ಬ್ಲೌಸೊಂದಕ್ಕೆ ಗುಂಡಿ ಹಚ್ಚುತ್ತಿದ್ದೆ. ಕತ್ತರಿ ದೂರವಿತ್ತು. ಅಭ್ಯಾಸದಂತೆ ನೂಲನ್ನು ಹಲ್ಲಿನಲ್ಲಿ ಕಡಿದೆ. ಕೆನ್ನೆಯೊಳಗೆ ಏನೋ ಮಿಸುಕಿತು. ಬಲೆಯಲ್ಲಿ ಸಣ್ಣ ಮೀನು ಜಗ್ಗಿದ ಹಾಗೆ. ಇನ್ನೊಂದು ನೂಲು ತೆಗೆದು ಕಡಿದೆ. ಮತ್ತೆ ಜಗ್ಗಿತು. ಕನ್ನಡಿಯ ಮುಂದೆ ಹೋಗಿ ನೂಲಿಲ್ಲದೆ ಕಡಿದೆ. ಬಾಯಿಯ ಬಲ ಮೂಲೆ ಒಂದೆಳೆಯಷ್ಟು ಮೇಲೆದ್ದು ಇಳಿಯಿತು. ಆ ದಿನ ಒಂದು ಉಂಡೆ ನೂಲು ಹಾಳಾಯಿತು.

ಆಮೇಲಿನ ದಿನಗಳಲ್ಲಿ ಎರಡು ಮಿಲಿಮೀಟರು, ನಾಲ್ಕು, ಐದು. ಮೊದಮೊದಲು ಕಚ್ಚಿದರೆ ಮಾತ್ರ ನಗು ಬರುತ್ತಿತ್ತು. ಊಟ ಮಾಡುವಾಗಲೂ ಬರುತ್ತಿತ್ತು. "ಸಾರು ಅಷ್ಟು ಚೊಲೋ ಆಗೇತೇನ?" ಎಂದು ಅಕ್ಕ ಕಾಡುತ್ತಿದ್ದಳು. ಬರಬರುತ್ತ ನಗಬೇಕೆನಿಸಿದಾಗ ಕೆನ್ನೆ ತಾನಾಗಿ ಏಳತೊಡಗಿತು.

ಒಂದು ಭಾನುವಾರ ಮಧ್ಯಾಹ್ನ ಚಾಚಾ ಮನೆಗೆ ಸುಣ್ಣ ಬಳಿಸಿ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಅಲ್ಲಿಂದ ಒಬ್ಬಳೇ ಬರುತ್ತಿದ್ದೆ. ಓಢಣಿ ಹೊದ್ದುಕೊಂಡು ಹೆಂಡತಿಯ ಹಾಗೆ ತಮ್ಮನ್ನೇ ಬೈದುಕೊಳ್ಳುವ ಅವರ ಆಟ ನೆನಪಾಗಿ ದಾರಿಯುದ್ದಕ್ಕೂ ನಗು. ಅದೇ ನಗುವಿನಲ್ಲಿ ಬಾಗಿಲ ಮುಂದೆ ಬಂದು, ಎಂದಿನಂತೆ ಅಕ್ಕನನ್ನು ಕರೆಯಲು ಬಾಯಿ ತೆರೆದೆ. ಕರೆಯಲಿಲ್ಲ. ಬಾಗಿಲು ತೆರೆದಿತ್ತು.

ಒಳಗೆ ಹೋಗಿ ನಿಂತೆ. ಹೆಜ್ಜೆಯ ಸಪ್ಪಳ ಕೇಳಿ ಅಕ್ಕ ಒಳಕೋಣೆಯಿಂದ, "ಬಂದ್ಯಾ? ತಡಿ, ತಗೀತೀನಿ," ಎನ್ನುತ್ತ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು. ಪಡಸಾಲೆಯ ನಡುವೆ ನನ್ನನ್ನು ಕಂಡು ನಿಂತುಬಿಟ್ಟಳು.

"ಯಾರ ತಗದ್ರು?"

"ಯಾರೂ ಇಲ್ಲ. ನಾನ ಬಂದೆ."

ಅವಳು ಮಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು, ಅಳುತ್ತಲೂ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ಆ ಊರಿನ ನೀರು ಹೆಂಗೈತಿ ಅಂತ ಒಮ್ಮೆ ಕುಡದು ನೋಡ್ತೀನಿ," ಅಂದಳು.

ಇಪ್ಪತ್ತನಾಲ್ಕರಲ್ಲಿ ಒಟ್ಟು ಹತ್ತೊಂಬತ್ತು ಬಾಗಿಲು ತೆರೆದಿವೆ. ತೆರೆಯದ ಐದರ ಹಿಂದೆ ಡಾಕ್ಟರ್ ಈಗ ಬಿದ್ದಿದ್ದಾರೆ. ಆ ಐವರನ್ನೂ ವಾರಕ್ಕೆರಡು ಸಲ ಅಳೆಯುವವಳು ನಾನೇ. ಒಬ್ಬಳದು ಮೊನ್ನೆ ಆರು ಮಿಲಿಮೀಟರಿಗೆ ಬಂದಿದೆ.

ಅಕ್ಕ ಹೋದ ದಿನ ಬೆಳಗಿನ ಬಸ್ಸು. ಅವಳನ್ನು ಹತ್ತಿಸಿ ಬಂದೆ, ಬಾಗಿಲು ತೆರೆಯಿತು, ಒಳಗೆ ಹೋದೆ. ಮಾಡಲು ಕೆಲಸ ಬೇಕಾದಷ್ಟಿತ್ತು. ಆದರೆ ತಿರುಗಿ ಹೊರಗೆ ಬಂದೆ. ಬಾಗಿಲು ಮುಚ್ಚಿಕೊಳ್ಳುವವರೆಗೆ ಕಾದು, ಅದರ ಮುಂದೆ ನಿಂತು ನಕ್ಕೆ. ತೆರೆಯಿತು. ಒಳಗೆ ಹೋಗಿ ಮತ್ತೆ ಬಂದೆ. ಹುಬ್ಬೇರಿಸಿದೆ, ತೆರೆಯಿತು. ಸಿಟ್ಟಿನ ಮುಖ ಮಾಡಿದೆ, ಅದಕ್ಕೂ ತೆರೆಯಿತು. ಎಷ್ಟು ಸಲವೋ ಎಣಿಸಲಿಲ್ಲ.

ಎದುರಿನ ಕಟ್ಟೆಯಿಂದ ನೀಲವ್ವ ಬಹಳ ಹೊತ್ತು ನೋಡಿ ಕೇಳಿದಳು, "ಏನ ಮರತ್ಯವ್ವಾ, ಕಸ್ತೂರಿ?"

"ಏನಿಲ್ಲ ನೀಲವ್ವ," ಅಂದೆ. "ಹಂಗ ಒಳಗ ಹೊಂಟಿದ್ದೆ."